ಶರಣಪುರದ ದಾರಿಯಲ್ಲಿ

ನಾವು ನಾಸಿಕಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ ಒಂದು ಫಲಕವನ್ನು ಕಂಡು ಬಹಳ ಹಿಗ್ಗಿದೆವು. 'ಶರಣಪೂರ ರೋಡ' ಎಂದು ಅದರ ಮೇಲೆ ಬರೆದಿತ್ತು. ನಮ್ಮ ಬಸವಣ್ಣನವರ ಶರಣರು ಗೋದಾವರಿಯ ದಂಡೆಯವರೆಗೂ ಬಂದು ಊರು ಕಟ್ಟಿದ್ದರಲ್ಲ ಎಂದು ಮನೆಯಾಕೆಗೆ ಹೇಳಿಯೂ ಬಿಟ್ಟೆವು. ಆಕೆ ನಮಗಿಂತ ಜಾಣೆ. ತರಕಾರಿಯವಳನ್ನು ವಿಚಾರಿಸಿಕೊಂಡು ಬಂದು, "ಅದು ಕ್ರೈಸ್ತರು ಕಟ್ಟಿದ ಊರಂತೆ, ನಿಮ್ಮ ಶರಣರದಲ್ಲ" ಎಂದಳು. ಬಿ.ಎ. ಓದಿದ ಗಂಡನನ್ನು ಹೀಗೆ ತಿದ್ದುವುದರಲ್ಲಿ ಹೆಂಡಂದಿರಿಗೆ ಒಂದು ಸುಖವಿದೆ. ಇರಲಿ.

ಅವಳು ಹೇಳಿದ್ದೇ ನಿಜ. 1850ರ ದಶಕದಲ್ಲಿ ಚರ್ಚ್ ಮಿಶನರಿ ಸೊಸೈಟಿಯವರು ನಾಸಿಕದ ಹೊರಗೆ ಕಟ್ಟಿದ ಹಳ್ಳಿ ಅದು. ಆಸರೆ ಬೇಡಿ ಬಂದವರ ಊರೆಂದು ಆ ಹೆಸರು. ಅರಬ್ಬೀ ಸಮುದ್ರದಲ್ಲಿ ಬ್ರಿಟಿಷ್ ನೌಕೆಗಳು ಗುಲಾಮರ ಹಡಗುಗಳನ್ನು ಹಿಡಿದಾಗ ಬಿಡುಗಡೆಯಾದ ಆಫ್ರಿಕದ ಮಕ್ಕಳಲ್ಲಿ ಅನೇಕರನ್ನು ಮುಂಬಯಿಯ ಮಾರ್ಗವಾಗಿ ಇಲ್ಲಿಗೇ ತಂದು, ಓದುಬರಹ, ಬಡಗಿತನ, ಕಮ್ಮಾರಿಕೆ ಕಲಿಸುತ್ತಿದ್ದರು. ಇಂದು ಆ ರಸ್ತೆಯಲ್ಲಿ ಅಂಗಡಿ, ಆಸ್ಪತ್ರೆ, ಬ್ಯಾಂಕುಗಳ ಸಂತೆ. ಆ ಮಕ್ಕಳ ನೆನಪು ಯಾರಿಗಿದ್ದೀತು?

ಕಳೆದ ವರ್ಷದ ಶುಭ ಶುಕ್ರವಾರದಂದು ಸಂಜೆ ಕಚೇರಿಯ ಕಾಗದವೊಂದನ್ನು ಮುಟ್ಟಿಸಿ ಆ ದಾರಿಯಲ್ಲಿ ಬರುತ್ತಿದ್ದಾಗ ಚರ್ಚಿನ ಮುಂದೆ ಜನ ಮೌನವಾಗಿ ನಿಂತಿದ್ದರು. ನಾವು ಕ್ರೈಸ್ತರಲ್ಲ. ಆದರೆ ಧಾರವಾಡದಲ್ಲಿ ಓದುತ್ತಿದ್ದಾಗ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ಕನ್ನಡದ ಹೊಸ ಒಡಂಬಡಿಕೆಯೊಂದು ನಮ್ಮ ಟ್ರಂಕಿನಲ್ಲಿದೆ. ಆ ರಾತ್ರಿ ಅದನ್ನು ತೆಗೆದು, ಗುರುವನ್ನು ಹಿಡಿದುಕೊಟ್ಟ ಯೂದನ ಕಥೆಯನ್ನೂ, ಗುರುವನ್ನು ಅರಿಯೆನೆಂದ ಪೇತ್ರನ ಕಥೆಯನ್ನೂ ಮತ್ತೆ ಓದಿದೆವು. ಹಾಗೆ ಓದಲು ನಮಗೊಂದು ಕಾರಣವಿತ್ತು. ಅದನ್ನು ಆಮೇಲೆ ಹೇಳುತ್ತೇವೆ. ಹೇಳಲು ಧೈರ್ಯ ಬಂದರೆ.

ಪೇತ್ರ ಬೆಸ್ತರವನು. ಯೇಸುವನ್ನು ಹಿಡಿಯಲು ಆಳುಗಳು ಬಂದಾಗ ಕತ್ತಿ ಹಿರಿದು ಒಬ್ಬನ ಕಿವಿಯನ್ನೇ ಕತ್ತರಿಸಿದ ಶೂರ. ಅದೇ ಶೂರ ಅದೇ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿಗೆ ಕೈ ಕಾಯಿಸುತ್ತ ನಿಂತಿದ್ದಾಗ, ಕೆಲಸದ ಹುಡುಗಿಯೊಬ್ಬಳ ಮಾತಿಗೆ ಬೆದರಿ, ಆ ಮನುಷ್ಯನನ್ನು ನಾನರಿಯೆ ಎಂದುಬಿಟ್ಟ. ಒಂದು ಸಲವಲ್ಲ, ಕೋಳಿ ಕೂಗುವುದರೊಳಗೆ ಮೂರು ಸಲ. ಇಲ್ಲಿ ಮತ್ತಾಯನು ಒಂದು ಸಣ್ಣ ಸಂಗತಿಯನ್ನು ಬರೆದಿದ್ದಾನೆ. ಸುತ್ತ ನಿಂತವರು ಪೇತ್ರನ ಮಾತಿನ ಧಾಟಿಯಿಂದಲೇ ಅವನು ಗಲಿಲಾಯದ ಕಡೆಯವನೆಂದು ಗುರುತು ಹಿಡಿದರಂತೆ. ಪರಸ್ಥಳದಲ್ಲಿ ಬಾಳುವ ನಮ್ಮ ಸಂಘದ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ವರ್ಷ ಮರಾಠಿ ಆಡಿದ ಮೇಲೂ 'ಬಸ್ ಆಲೀ' ಎನ್ನಬೇಕಾದಲ್ಲಿ 'ಬಸ್ ಆಲಾ' ಎಂದೊಡನೆ ಕಂಡಕ್ಟರನು ನಗುತ್ತಾನೆ. ನಾಲಿಗೆ ಊರನ್ನು ಬಚ್ಚಿಡುವುದಿಲ್ಲ.

ಯೂದನ ಕಥೆಯಲ್ಲಿ ನಮ್ಮಂಥ ಗುಮಾಸ್ತರು ನಿಂತು ಓದಬೇಕಾದ ಭಾಗವೊಂದಿದೆ. ಮೂವತ್ತು ಬೆಳ್ಳಿಯ ನಾಣ್ಯಕ್ಕೆ ಗುರುವನ್ನು ಒಪ್ಪಿಸಿದನೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅವನೂ ಪಶ್ಚಾತ್ತಾಪಪಟ್ಟ. ಹಣವನ್ನು ಮಹಾಯಾಜಕರ ಬಳಿಗೆ ಹಿಂದಕ್ಕೆ ಒಯ್ದು, ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿದ. ಅವರು, ಅದಕ್ಕೂ ನಮಗೂ ಸಂಬಂಧವಿಲ್ಲ, ನೀನೇ ನೋಡಿಕೋ ಎಂದರು. ಅವನು ಹಣವನ್ನು ದೇವಾಲಯದಲ್ಲಿ ಎಸೆದು ಹೋಗಿ ಉರುಲು ಹಾಕಿಕೊಂಡ. ಯಾಜಕರಿಗೆ ಆಗ ಬಂದ ಚಿಂತೆ ಅವನದಲ್ಲ, ಹಣವನ್ನು ಯಾವ ಲೆಕ್ಕಕ್ಕೆ ಜಮೆ ಮಾಡುವುದೆಂಬುದು! ರಕ್ತದ ಹಣ ಬೊಕ್ಕಸಕ್ಕೆ ಸಲ್ಲದೆಂದು ನಿಯಮ ತೆಗೆದು, ಆಲೋಚನೆ ಮಾಡಿ, ಪರದೇಶದವರನ್ನು ಹೂಳಲು ಕುಂಬಾರನ ಹೊಲವೊಂದನ್ನು ಕೊಂಡರು. ಲೆಕ್ಕ ಸರಿಹೋಯಿತು, ಮನುಷ್ಯ ಹೋದ. ಯೂದನು ಅರ್ಜಿ ಹಿಡಿದು ನಿಂತ ಕಿಟಕಿಯೇ ತಪ್ಪು ಎಂದು ನಮಗೆ ತೋರುತ್ತದೆ.

ಪೇತ್ರ ಎಲ್ಲಿಗೂ ಅರ್ಜಿ ಒಯ್ಯಲಿಲ್ಲ. ಅತ್ತ, ಅತ್ತು ಮಿಕ್ಕ ಶಿಷ್ಯರ ನಡುವೆಯೇ ಉಳಿದ, ಅವರನ್ನು ಕರೆದುಕೊಂಡು ಮೀನು ಹಿಡಿಯಲು ಹೋದ. ಯೋಹಾನನು ಹೇಳುವಂತೆ, ಮರಣವನ್ನು ಗೆದ್ದು ಬಂದ ಯೇಸು ಕೆರೆಯ ದಡದಲ್ಲಿ ಮತ್ತೊಂದು ಇದ್ದಲ ಬೆಂಕಿ ಹೊತ್ತಿಸಿ, ಮೀನು ರೊಟ್ಟಿ ಇಟ್ಟುಕೊಂಡು, ಬನ್ನಿ ಊಟ ಮಾಡಿ ಎಂದು ಕರೆದ. ಊಟವಾದ ಮೇಲೆ, ನನ್ನ ಮೇಲೆ ಪ್ರೀತಿಯಿದೆಯೇ ಎಂದು ಮೂರು ಸಲ ಕೇಳಿದ. ನಿನ್ನನ್ನು ಕ್ಷಮಿಸಿದೆನೆಂಬ ಮಾತು ಆ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ. ನಾವು ಎರಡು ಸಲ ಹುಡುಕಿ ನೋಡಿದೆವು. ಇರುವುದು ಒಂದು ಕೆಲಸ: ನನ್ನ ಕುರಿಗಳನ್ನು ನೋಡಿಕೋ ಎಂಬುದು.

ನಮ್ಮ ಶರಣಪುರದ ಮಕ್ಕಳಿಗೂ ಇಂಥದೇ ಒಂದು ಕಥೆ ತಗಲಿಕೊಂಡಿದೆ. ಆಫ್ರಿಕದ ನಡುನಾಡನ್ನು ಸುತ್ತಿ ಹೆಸರಾಗಿದ್ದ ಸ್ಕಾಟ್ಲಂಡಿನ ವೈದ್ಯ ಡೇವಿಡ್ ಲಿವಿಂಗ್‌ಸ್ಟನ್ನರು 1865ರಲ್ಲಿ ನಾಸಿಕಕ್ಕೆ ಬಂದು, ಮುಂದಿನ ಯಾತ್ರೆಗೆಂದು ಇಲ್ಲಿಯ ಒಂಬತ್ತು ಹುಡುಗರನ್ನು ಆರಿಸಿಕೊಂಡರು. 1866ರಲ್ಲಿ ಹೊರಟ ಆ ತಂಡದಲ್ಲಿ ಮುಂಬಯಿಯ ಸಿಪಾಯಿಗಳೂ, ಕೊಮೊರೊ ದ್ವೀಪಗಳ ಹತ್ತು ಆಳುಗಳೂ ಇದ್ದರು. ಸಿಪಾಯಿಗಳು ಬೇಗನೆ ಹಿಂದುಳಿದರು. ದ್ವೀಪದ ಆಳುಗಳು ಸೆಪ್ಟೆಂಬರಿನಲ್ಲಿ ಓಡಿಹೋದರು. ಓಡಿದ್ದಷ್ಟೇ ಅಲ್ಲ, ಜಾಂಜಿಬಾರಿಗೆ ಬಂದು, ದೊರೆ ಕೊಲೆಯಾದನೆಂದು ಕಣ್ಣಾರೆ ಕಂಡಂತೆ ಹೇಳಿದರು. ಅದು ಸುಳ್ಳೆಂದು ತಿಳಿಯಲು 1867ರಲ್ಲಿ ಇನ್ನೊಂದು ತಂಡವೇ ಹುಡುಕಿಕೊಂಡು ಹೋಗಬೇಕಾಯಿತು. ನಾಸಿಕದ ಹುಡುಗರಲ್ಲಿ ಕೆಲವರು ಸತ್ತರು, ಕೆಲವರು ಬಿಟ್ಟುಹೋದರು. 1867ರ ಜನವರಿಯಲ್ಲಿ ಔಷಧದ ಪೆಟ್ಟಿಗೆಯೂ ಓಡಿಹೋದವರ ಕೂಡ ಹೋಯಿತು. ಮಲೇರಿಯದ ಕಾಡಿನಲ್ಲಿ ಕ್ವಿನೈನಿಲ್ಲದೆ ನಿಲ್ಲುವುದೆಂದರೇನೆಂದು ಬೇರೆ ಹೇಳಬೇಕೆ? 1868ರಲ್ಲಿ ಬಾಂಗ್ವೆಉಲು ಸರೋವರದ ಕಡೆಗೆ ಹೊರಟಾಗ ಉಳಿದವರಲ್ಲಿಯೂ ಹೆಚ್ಚಿನವರು ಬರಲೊಲ್ಲೆವೆಂದರು. ಹಾಗೆಂದವರಲ್ಲಿ ಚುಮಾ, ಸೂಸಿ ಎಂಬ ಬಹುಕಾಲದ ಸಂಗಡಿಗರೂ ಇದ್ದರು.

ಕೆಲವು ತಿಂಗಳ ಮೇಲೆ ಹಿಂದಿರುಗಿ ಬಂದ ಲಿವಿಂಗ್‌ಸ್ಟನ್ನರು ಅವರನ್ನೆಲ್ಲ ಮತ್ತೆ ಕೆಲಸಕ್ಕೆ ಸೇರಿಸಿಕೊಂಡರು. ನನ್ನಲ್ಲಿಯೂ ತಪ್ಪುಗಳಿವೆ ಎಂಬ ಅರ್ಥದ ಮಾತನ್ನು ದಿನಚರಿಯಲ್ಲಿ ಬರೆದುಕೊಂಡರು. ಅಷ್ಟೇ. ಹೊರೆಗಳನ್ನು ಹಂಚಿದರು, ನಡೆದರು.

1873ರ ಮೇ 1ರ ನಸುಕಿನಲ್ಲಿ, ಈಗಿನ ಜಾಂಬಿಯ ದೇಶದ ಚಿತಾಂಬೊ ಎಂಬ ಹಳ್ಳಿಯಲ್ಲಿ, ಹಾಸಿಗೆಯ ಪಕ್ಕದಲ್ಲಿ ಮೊಣಕಾಲೂರಿದಂತೆಯೇ ಅವರು ತೀರಿಕೊಂಡಿದ್ದರು. ಅಲ್ಲಿಯೇ ಹೂಳಿ ಬಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಚುಮಾ, ಸೂಸಿ ಮತ್ತು ಜೊತೆಯವರು ಹೃದಯವನ್ನು ಮರದಡಿಯಲ್ಲಿ ಹೂಳಿದರು. ಹಿಂದಿನ ವರ್ಷ ಬಂದು ಸೇರಿದ್ದ ಜೇಕಬ್ ವೇನ್‌ರೈಟ್ ಎಂಬ ನಾಸಿಕದ ವಿದ್ಯಾರ್ಥಿ ಪ್ರಾರ್ಥನೆ ಓದಿ, ಮರದ ಮೇಲೆ ಹೆಸರು ಕೆತ್ತಿದ. ದೇಹವನ್ನು ಉಪ್ಪು ಹಾಕಿ ಬಿಸಿಲಿಗೊಣಗಿಸಿ, ಮರದ ತೊಗಟೆಯಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ತು ಸಮುದ್ರದ ಕಡೆಗೆ ನಡೆದರು. ನಡುದಾರಿಯಲ್ಲಿ ಎದುರಾದ ಇಂಗ್ಲಿಷ್ ಅಧಿಕಾರಿಯೊಬ್ಬರು, ಇಲ್ಲಿಯೇ ಹೂಳಿಬಿಡಿರೆಂದರೂ ಕೇಳಲಿಲ್ಲ. 1874ರ ಫೆಬ್ರವರಿಯಲ್ಲಿ ಕರಾವಳಿ ಮುಟ್ಟಿದರು. ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯಾದಾಗ ಶವವಸ್ತ್ರ ಹಿಡಿದು ನಡೆದವರಲ್ಲಿ ಜೇಕಬ್ ಒಬ್ಬ. ಆ ಸಮಾಧಿಯ ಕಲ್ಲಿನ ಮೇಲೆ ನಂಬಿಗಸ್ತ ಕೈಗಳು ತಂದವೆಂದು ಬರೆದಿದೆ, ಕೈಗಳ ಹೆಸರಿಲ್ಲ. ಅವುಗಳಲ್ಲಿ ಕೆಲವು ಒಮ್ಮೆ ಬಿಟ್ಟುಹೋದ ಕೈಗಳೇ ಎಂಬುದೂ ಇಲ್ಲ.

ಈಗ ನಮ್ಮ ಮಾತು.

ನಾಸಿಕಕ್ಕೆ ಬರುವ ಮೊದಲು ನಾವು ಔರಂಗಾಬಾದಿನಲ್ಲಿದ್ದೆವು. 2023ರಿಂದ ಅದು ಛತ್ರಪತಿ ಸಂಭಾಜಿನಗರ. ಕಚೇರಿಯ ಹೆಸರು ಬೇಡ. ಅಲ್ಲಿ ಬೀದರದ ಕಡೆಯ ಹಿರಿಯ ಗುಮಾಸ್ತರೊಬ್ಬರಿದ್ದರು. ನಾವು ಅವರನ್ನು ಅಣ್ಣಾ ಎನ್ನುತ್ತಿದ್ದೆವು. 1956ರವರೆಗೆ ಬೀದರವೂ ಔರಂಗಾಬಾದೂ ಒಂದೇ ಹೈದರಾಬಾದ ಸಂಸ್ಥಾನದವು, ಆದ್ದರಿಂದ ತಾನು ಪರಊರಿನವನೇ ಅಲ್ಲವೆಂಬುದು ಅಣ್ಣನ ವಾದ. ನಮಗೆ ಮನೆ ಸಿಗುವವರೆಗೆ, ಅಂದರೆ ನಾಲ್ಕು ತಿಂಗಳು, ಗುಲ್‌ಮಂಡಿಯ ಹಿಂದಿನ ಅವರ ಎರಡು ಕೋಣೆಯ ಮನೆಯಲ್ಲಿ ಜೋಳದ ರೊಟ್ಟಿ ತಿಂದೆವು. ಅವರ ತಾಯಿ ನಮ್ಮ ತಟ್ಟೆಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕುತ್ತಿದ್ದರು.

2018ರಲ್ಲಿ ಸಾಮಾನಿನ ದಾಖಲೆಯ ಕೆಲವು ಕಾಗದಗಳು ಕಾಣೆಯಾದವು. ಮೇಲಿನವರೊಬ್ಬರ ಬಾಯಿಮಾತಿನ ಅಪ್ಪಣೆಯಂತೆ ಅಣ್ಣ ಬೀರುವಿನ ಬೀಗದ ಕೈಯನ್ನು ಕೊಟ್ಟಿದ್ದರು. ಕೊಟ್ಟಾಗ ನಾವು ಅಲ್ಲಿಯೇ ಇದ್ದೆವು. ವಿಚಾರಣೆಗೆ ಬಂದ ಅಧಿಕಾರಿ ನಮ್ಮನ್ನು ಕೇಳಿದರು. ನಾವು ಕಾಯಂ ಆಗಿ ಒಂದೇ ವರ್ಷವಾಗಿತ್ತು, ಮನೆಯಲ್ಲಿ ಕೂಸಿತ್ತು. ನಾವು ಅಲ್ಲಿರಲಿಲ್ಲವೆಂದೆವು. ಅವರು ನಕ್ಕು, "ನಿಮ್ಮಿಬ್ಬರ ಮರಾಠಿ ಒಂದೇ ಥರ ಇದೆಯಲ್ಲ, ಬಹಳ ಬಳಕೆಯೇನೋ?" ಎಂದರು. "ಕಚೇರಿಯ ಪರಿಚಯ, ಅಷ್ಟೇ" ಎಂದೆವು. ಎಷ್ಟು ಸಲ ಎಂದೆವೆಂದು ಎಣಿಸಲು ಇಂದಿಗೂ ಮನಸ್ಸಾಗುವುದಿಲ್ಲ.

ಎಂಟು ತಿಂಗಳ ಮೇಲೆ ಆ ಕಾಗದಗಳು ಬೇರೊಂದು ಕೋಣೆಯ ಕಟ್ಟಿನಲ್ಲಿ ದೊರೆತವು, ಅಣ್ಣ ನಿರಪರಾಧಿಯೆಂದಾಯಿತು. ಆ ಎಂಟು ತಿಂಗಳು ನಾವು ಬೇರೆ ಅಂಗಡಿಯಲ್ಲಿ ಚಹ ಕುಡಿದೆವು. ಮನಸ್ಸು ಕಚ್ಚುತ್ತಿದ್ದುದರಿಂದ ಒಂದು ಸೋಮವಾರ ವೇರುಳಕ್ಕೆ ಹೋಗಿ ಘೃಷ್ಣೇಶ್ವರನ ಹುಂಡಿಗೆ ಐದು ನೂರು ರೂಪಾಯಿ ಹಾಕಿ ಬಂದೆವು. ಅಣ್ಣನ ಮನೆ ಹೋಗುವ ದಾರಿಯಲ್ಲಿಯೇ ಇತ್ತು, ಇಳಿಯಲಿಲ್ಲ. ನಾವೂ ತಪ್ಪು ಕಿಟಕಿಗೇ ಹೋದೆವೆಂದು ಹೊಳೆದದ್ದು ಈ ಶುಭ ಶುಕ್ರವಾರದ ರಾತ್ರಿ. 2021ರಲ್ಲಿ ವರ್ಗ ಕೇಳಿಕೊಂಡು ನಾಸಿಕಕ್ಕೆ ಬಂದುಬಿಟ್ಟೆವು.

ಕಳೆದ ಕಾರ್ತಿಕದಲ್ಲಿ ಫೋನು ಬಂತು. ಐದು ವರ್ಷದಲ್ಲಿ ಕೇಳದ ದನಿ. "ಅವ್ವ ಹೋದಳು. ಅಸ್ಥಿ ತಗೊಂಡು ರಾಮಕುಂಡಕ್ಕೆ ಬರ್ತೀನಿ. ಭಟ್ಟರನ್ನ ಗೊತ್ತು ಮಾಡಿಡು. ಉಳಕೊಳ್ಳಾಕ ನಿನ್ನ ಮನಿ ಐತೆಲ್ಲ."

ಮನಮಾಡದ ಮೇಲಿನ ರೈಲಿನಲ್ಲಿ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಊಟವಾದ ಮೇಲೆ ಮನೆಯಾಕೆ ಒಳಗೆ ಹೋದಾಗ ನಾವು ಗಂಟಲು ಸರಿಮಾಡಿಕೊಂಡು, "ಅಣ್ಣಾ, ಆ ವಿಚಾರಣೆಯ ದಿನ..." ಎಂದು ತೆಗೆದೆವು. ಅವರು ನಮ್ಮನ್ನು ಒಂದು ಗಳಿಗೆ ನೋಡಿ, "ನಾಳೆ ಎಷ್ಟಕ್ಕ ಏಳಬೇಕು?" ಎಂದು ಕೇಳಿದರು. ಐದಕ್ಕೆಂದೆವು. ಅಲಾರಾಂ ಇಟ್ಟುಕೊಂಡು ಮಲಗಿದರು. ನಮಗೆ ಅಲಾರಾಮಿನ ಅಗತ್ಯ ಬೀಳಲಿಲ್ಲ.

ರಾಮಕುಂಡದ ಮೆಟ್ಟಿಲುಗಳು ನೀರಿನಿಂದ ಜಾರುತ್ತಿದ್ದವು. ಅಣ್ಣನಿಗೆ ಮೊಣಕಾಲು ನೋವು. ಮೇಲಿನ ಮೆಟ್ಟಿಲಿನಲ್ಲಿ ನಿಂತು, ಕೆಂಪು ಬಟ್ಟೆ ಕಟ್ಟಿದ ಗಡಿಗೆಯನ್ನು ನಮ್ಮ ಕೈಗೆ ಕೊಟ್ಟು, "ನೀ ಹಿಡಕೋ, ನಾ ನಿನ್ನ ಹೆಗಲು ಹಿಡಕೊಂಡು ಇಳಿತೀನಿ" ಎಂದರು. ಹಾಗೆಯೇ ಇಳಿದೆವು. ಅದರ ತೂಕ ಎಷ್ಟು ಕಡಿಮೆಯೆಂದರೆ ಹೇಳಲಾಗದು.

ಮಧ್ಯಾಹ್ನ ಬಸ್ಸಿನಲ್ಲಿ ಕುಳಿತ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ, ಮಗಳಿಗೆ ನಾಸಿಕದ ಚಿವಡಾ ಎಂದರೆ ಪ್ರಾಣವೆಂದೂ, ತಾನು ಮರೆತೇಬಿಟ್ಟೆನೆಂದೂ, ಎರಡು ಕಿಲೋ ಕಟ್ಟಿಸಿ ಯಾರ ಕೈಯಲ್ಲಾದರೂ ಕಳಿಸಬೇಕೆಂದೂ ಹೇಳಿದರು. ಯಾರ ಕೈಯಲ್ಲಿಯೂ ಕಳಿಸಲಿಲ್ಲ. ಬರುವ ಭಾನುವಾರ ನಾವೇ ಒಯ್ದೆವು.