ಖಾಡಾ ಹಿಡಿದ ಮೇಲೆ ಉಳಿಯುವ ಕೂಲಿ

ಮನೆಗೆಲಸದವಳಿಗೆ ಮರಾಠಿಯಲ್ಲಿ ‘ಮೋಲ್‌ಕರೀಣ್’ ಎನ್ನುತ್ತಾರೆ. ‘ಮೋಲ್’ ಅಂದರೆ ಬೆಲೆ. ಕನ್ನಡದ ‘ಕೆಲಸದವಳು’ ಎಂಬ ಮಾತಿನಲ್ಲಿ ಕೆಲಸವಷ್ಟೇ ಇದೆ. ಮರಾಠಿಯ ಮಾತಿನಲ್ಲಿ ಕೂಲಿಯೂ ಇದೆ. ಪುಣೆಯ ಮನೆಗಳಲ್ಲಿ ಇದರ ಬೆನ್ನಿಗೇ ಕೇಳಿಬರುವ ಇನ್ನೊಂದು ಮಾತು ‘ಖಾಡಾ’. ಕೆಲಸಕ್ಕೆ ಬಾರದ ದಿನ ಎಂದು ಅರ್ಥ. ತಿಂಗಳ ಕೊನೆಗೆ ಖಾಡಾ ಎಣಿಸಿ ಸಂಬಳದಲ್ಲಿ ಹಿಡಿಯುವ ಮನೆಗಳುಂಟು.

1980ರಲ್ಲಿ ಪುಣೆಯ ಕರ್ವೆ ರಸ್ತೆ ಭಾಗದಲ್ಲಿ ಮನೆಗೆಲಸದವರು ಮುಷ್ಕರ ಹೂಡಿದ್ದರ ಹಿಂದೆ ಇದ್ದದ್ದು ಖಾಡಾ. ಕಾಯಿಲೆ ಬಿದ್ದು ಕೆಲವು ದಿನ ಬಾರದಿದ್ದ ಒಬ್ಬ ಹೆಂಗಸನ್ನು ಕೆಲಸದಿಂದ ಬಿಡಿಸಿದರು. ಸುತ್ತಲಿನ ಮನೆಗಳ ಹೆಂಗಸರೂ ಕೆಲಸ ನಿಲ್ಲಿಸಿದರು. ಅವರನ್ನು ಆಗ ಯಾವ ಸಂಘವೂ ಕರೆದಿರಲಿಲ್ಲ. ಸಂಘ ಕಟ್ಟಿಕೊಂಡದ್ದು ಆಮೇಲೆ. ಕೂಲಿ ಹೆಚ್ಚಬೇಕು ಎನ್ನುವುದರ ಜೊತೆಗೇ ಅವರು ಸಂಬಳಸಹಿತ ರಜೆಯನ್ನೂ ಕೇಳಿದರು. ಏಕೆಂದರೆ ರಜೆಯಿಲ್ಲದೆ ಹೆಚ್ಚಿದ ಕೂಲಿ ಒಂದೇ ಜ್ವರಕ್ಕೆ ಕರಗಿಹೋಗುತ್ತದೆ.

1948ರ ಕನಿಷ್ಠ ವೇತನ ಕಾಯ್ದೆ ಇಂಥವರನ್ನು ಕಾಯಬೇಕಿತ್ತು. ಆದರೆ ಆ ಕಾಯ್ದೆ ಅನ್ವಯಿಸುತ್ತಿದ್ದದ್ದು ಅದರ ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಪುಣೆಗೆ ದುಡಿಯಲು ಹೋದ ಕುಟುಂಬಗಳಲ್ಲಿ ಇದರ ಪರಿಣಾಮ ಕಾಣುತ್ತದೆ. ಗಂಡ ಮಾಡುವ ಕಟ್ಟಡದ ಕೆಲಸ ಮೊದಲಿನಿಂದಲೂ ಪಟ್ಟಿಯಲ್ಲಿತ್ತು. ಹೆಂಡತಿ ಮಾಡುವ ಪಾತ್ರೆ-ಬಟ್ಟೆಯ ಕೆಲಸ ಇರಲಿಲ್ಲ. ಗಂಡನಿಗೂ ಸರ್ಕಾರಿ ದರ ಪೂರ್ತಿ ಸಿಗದೇ ಇರಬಹುದು. ಆದರೆ ಕೇಳುವುದಕ್ಕೆ ಒಂದು ದರವಾದರೂ ಉಂಟು.

ಕರ್ನಾಟಕ 2004ರಲ್ಲಿ ಮನೆಗೆಲಸಕ್ಕೂ ಕನಿಷ್ಠ ವೇತನ ಗೊತ್ತುಮಾಡಿತು. ಮಹಾರಾಷ್ಟ್ರ 2008ರಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಗೆಂದು ಕಾಯ್ದೆ ಮಾಡಿತು. ಮಂಡಳಿಯಿಂದ ನೆರವು ಸಿಗಬಹುದು, ಆದರೆ ನೆರವು ಕೂಲಿಯಲ್ಲ. ಆ ಕಾಯ್ದೆ ಕೂಲಿಯ ದರ ಹೇಳುವುದಿಲ್ಲ.

ದರ ಗೊತ್ತುಮಾಡುವುದೂ ಸುಲಭವಲ್ಲ. ಕನಿಷ್ಠ ವೇತನದ ಲೆಕ್ಕ ಎಂಟು ಗಂಟೆಯ ದಿನದ್ದು. ಮನೆಗೆಲಸದವಳ ದಿನವೋ ನಾಲ್ಕೈದು ಮನೆಗಳಿಗೆ ಹಂಚಿಹೋಗಿರುತ್ತದೆ: ಒಂದು ಕಡೆ ಪಾತ್ರೆ, ಇನ್ನೊಂದು ಕಡೆ ನೆಲ, ಮತ್ತೊಂದು ಕಡೆ ಪೋಳಿ. ನಡುವೆ ನಡೆದ ದಾರಿಗೆ, ಬಾಗಿಲು ತೆರೆಯಲೆಂದು ಕಾದ ಹೊತ್ತಿಗೆ ಯಾರೂ ಕೊಡುವುದಿಲ್ಲ. ಎಂಟು ಗಂಟೆಯ ಕೂಲಿಯನ್ನು ಎಂಟರಿಂದ ಭಾಗಿಸಿ ಗಂಟೆಗಿಷ್ಟು ಎಂದರೆ ಆ ಹೊತ್ತೆಲ್ಲ ಅವಳ ಗಂಟಿನಿಂದಲೇ ಹೋಗುತ್ತದೆ.

ಕೂಲಿ ಹೆಚ್ಚಿಸಿದರೆ ಜನ ಕೆಲಸದವರನ್ನೇ ಬಿಡುತ್ತಾರೆ ಎಂಬ ಮಾತಿದೆ. ಅದು ಪೂರ್ತಿ ಸುಳ್ಳಲ್ಲ. ಸಣ್ಣ ಪಿಂಚಣಿಯಲ್ಲಿ ಬದುಕುವ ಮುದುಕರ ಮನೆಗೆ ಇನ್ನೂರು ರೂಪಾಯಿಯೂ ಭಾರವೇ. ಆದರೆ ಇಬ್ಬರೂ ದುಡಿಯಲು ಹೊರಡುವ ಮನೆಯಲ್ಲಿ ಆ ಇಬ್ಬರ ಸಂಬಳ ನಿಂತಿರುವುದು ಈ ಮೂರನೆಯವಳ ಮೇಲೆ. ಸರ್ಕಾರಿ ನೌಕರನ ತುಟ್ಟಿಭತ್ಯೆ ಅವನು ಬಾಗಿಲು ತಟ್ಟದೆಯೇ ಏರುತ್ತದೆ. ಇವಳ ಸಂಬಳ ಏರಬೇಕಾದರೆ ಇವಳೇ ಬಾಯಿ ತೆರೆಯಬೇಕು, ಅದೂ ಕೆಲಸ ಹೋದೀತೆಂಬ ಭಯದಲ್ಲಿ.

ಅಡುಗೆಮನೆಗೆ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರು ಬರುವುದಿಲ್ಲ, ನಿಜ. ಹಾಗೆಂದು ದರವೇ ಬೇಡ ಎನ್ನಲಾಗದು. ಸರ್ಕಾರ ಒಂದು ದರ ಬರೆದಿಟ್ಟರೆ ಮಾತು ಅಲ್ಲಿಂದ ಶುರುವಾಗುತ್ತದೆ. ಬರೆಯದಿದ್ದರೆ ಪಕ್ಕದ ಮನೆಯವರು ಕೊಡುವುದೇ ದರ. ಕೆಲಸಕ್ಕಿಷ್ಟು ಎಂಬ ದರ, ವರ್ಷಕ್ಕೊಮ್ಮೆ ಕೇಳದೆಯೇ ಏರಿಕೆ, ತಿಂಗಳಿಗೆ ಕೆಲವು ದಿನ ಹಿಡಿಯದ ಖಾಡಾ: ಈ ಮೂರೂ ಒಟ್ಟಿಗೆ ಬಂದರೆ ಮಾತ್ರ ಅವಳ ಕೂಲಿ ಹೆಚ್ಚಿತು ಎನ್ನಬಹುದು.