ಎರಡು ತೊಟ್ಟಿಲು

ಕೊಡಗಿನ ಬ್ರಹ್ಮಗಿರಿ ಬೆಟ್ಟಗಳಲ್ಲಿ ಹುಟ್ಟುವ ಲಕ್ಷ್ಮಣತೀರ್ಥ ನದಿಯು ಹುಣಸೂರು ಸೀಮೆಯನ್ನು ಹಾಯ್ದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಈ ನದಿಗೆ ಅಡ್ಡಲಾಗಿ ಹಿಂದಿನವರು ಕಟ್ಟಿದ ಒಡ್ಡುಗಳಲ್ಲಿ ಒಂದು ಕಟ್ಟೆಮಳಲವಾಡಿಯಲ್ಲಿದೆ. ಕಟ್ಟೆಯ ನೀರು ಹರಿಯುವ ಕಡೆ ಬತ್ತದ ಗದ್ದೆ. ನೀರು ಏರದ ಕಡೆ ರಾಗಿ ಮತ್ತು ಹೊಗೆಸೊಪ್ಪು. ಇಂತಹ ಊರಿನ ಒಂದು ಒಕ್ಕಲು ಮನೆಗೆ, ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ, ಒಂದೇ ಬಸಿರಿನಿಂದ ಎರಡು ಹೆಣ್ಣು ಕೂಸುಗಳು ಬಂದರೆ ಆ ಮನೆಯ ದಿನಗಳು ಹೇಗೆ ಸಾಗುತ್ತವೆ ಎಂಬುದನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಬಹುದು.

ಆ ಮನೆಯಲ್ಲಿ ತಂದೆ, ತಾಯಿ, ಅಜ್ಜಿ ಮತ್ತು ಆರು ವರ್ಷದ ಹಿರಿಯ ಮಗಳು ಇದ್ದಾರೆ. ಮರದ ತೊಟ್ಟಿಲು ಇರುವುದು ಒಂದೇ. ಮನೆಯ ತೊಲೆಗೆ ಅಜ್ಜಿಯ ಹಳೆಯ ಸೀರೆಯೊಂದನ್ನು ಕಟ್ಟಿ ಇನ್ನೊಂದು ತೊಟ್ಟಿಲನ್ನು ಮಾಡಿಕೊಂಡಿದ್ದಾರೆ. ಕೂಸುಗಳನ್ನು ನೋಡಲು ಬಂದವರು ಮೊದಲು ಬೆರಗುಪಡುತ್ತಾರೆ, ಆಮೇಲೆ ಮರುಕಪಡುತ್ತಾರೆ. “ಎರಡೂ ಹೆಣ್ಣೇ? ಒಂದಾದರೂ ಗಂಡಾಗಬಾರದಿತ್ತೆ!” ಎಂಬ ಮಾತು ಯಾರ ಬಾಯಿಂದಲೋ ಬಂದೇ ಬರುತ್ತದೆ. ಬಾಣಂತಿಯ ಕಿವಿಗೆ ಬೀಳುವಂತೆ ಆಡುವ ಮಾತುಗಳಲ್ಲಿ ಇದಕ್ಕಿಂತ ಒರಟಾದುದು ಇನ್ನೊಂದಿಲ್ಲ. ಅಜ್ಜಿ ಮಾತ್ರ ಎಲೆಯಡಿಕೆಯ ತಟ್ಟೆಯನ್ನು ಮುಂದೆ ಸರಿಸುತ್ತಾ, “ಗಂಡಾಗಿದ್ದರೆ ಅರ್ಧ ಹಾಲಿಗೇ ತೃಪ್ತಿಪಡುತ್ತಿತ್ತೇನು?” ಎಂದು ಕೇಳಿ ಮಾತನ್ನು ಅಲ್ಲಿಗೇ ಮುಗಿಸುತ್ತಾಳೆ.

ಆಕೆಗೆ ಹಾಲಿನದೇ ಚಿಂತೆ. ಹುಟ್ಟಿದಾಗ ಮೊದಲನೆಯ ಕೂಸಿನ ತೂಕ ಎರಡು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಎರಡನೆಯದರದು ಅಷ್ಟೂ ಇಲ್ಲ. ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆಯಿದ್ದರೆ ಅದನ್ನು ಕಡಿಮೆ ತೂಕದ ಮಗುವೆಂದು ವೈದ್ಯರು ಎಣಿಸುತ್ತಾರೆ. ಒಂದೇ ಅಂಡವು ಎರಡಾಗಿ ಒಡೆದು ಬೆಳೆದ ಅವಳಿಗಳು ಎಷ್ಟೋ ವೇಳೆ ಒಂದೇ ಮಾಸಿನಿಂದ ಆಹಾರವನ್ನು ಪಡೆಯುತ್ತವೆ. ಆ ಪಾಲು ಯಾವಾಗಲೂ ಸಮನಾಗಿ ಬೀಳುವುದಿಲ್ಲ. ಮುಖ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೂ ಬೆರಳ ತುದಿಯ ಗೆರೆಗಳು ಬೇರೆ ಬೇರೆ. ಲೋಕಕ್ಕೆ ಬರುವ ಮುನ್ನವೇ ಅವರಿಬ್ಬರ ಬದುಕು ಎರಡಾಗಿರುತ್ತದೆ.

ಇಂತಹ ಸಣ್ಣ ಕೂಸುಗಳಿಗೆ ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಮೈ ತಣ್ಣಗಾಗುವುದು. ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ಬೊಗೋಟ ನಗರದಲ್ಲಿ ಕೂಸುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಬಂದಾಗ, ಅಲ್ಲಿನ ವೈದ್ಯರು 1978ರ ಸುಮಾರಿನಲ್ಲಿ ಹೊಸದೊಂದು ಉಪಾಯವನ್ನು ಹೂಡಿದರು. ಕಾಂಗರೂ ತನ್ನ ಮರಿಯನ್ನು ಚೀಲದಲ್ಲಿ ಇಟ್ಟುಕೊಳ್ಳುವಂತೆ, ಬಟ್ಟೆ ತೊಡಿಸದ ಕೂಸನ್ನು ತಾಯಿಯ ಎದೆಗೆ ಆನಿಸಿ, ಮೇಲೆ ಹೊದಿಸಿ ಕಟ್ಟಿಬಿಡುವುದೇ ಆ ಉಪಾಯ. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ಇದನ್ನು ಹುಟ್ಟಿದೊಡನೆಯೇ ಆರಂಭಿಸಿ ನೋಡಿದಾಗ, ತೀರ ಸಣ್ಣ ಕೂಸುಗಳ ಮರಣವು ನಾಲ್ಕರಲ್ಲಿ ಒಂದು ಪಾಲು ತಗ್ಗಿತೆಂದು 2021ರಲ್ಲಿ ಪ್ರಕಟವಾಯಿತು. ಆದರೆ ಕೂಸುಗಳು ಎರಡು, ತಾಯಿಯ ಎದೆ ಒಂದು. ಎರಡನೆಯದನ್ನು ಹೊರಲು ತಂದೆಯಾದರೂ ಆದೀತು, ಅಜ್ಜಿಯಾದರೂ ಆದೀತು ಎಂದು ಆಸ್ಪತ್ರೆಯ ದಾದಿ ಹೇಳಿದಾಗ ಅಜ್ಜಿಗೆ ಮೊದಲು ನಾಚಿಕೆ. ಮುಂದೆ ಮನೆಗೆ ಬಂದ ಮೇಲೆ, ಗೋಡೆಗೆ ಒರಗಿ ಕುಳಿತು, ಸೆರಗಿನೊಳಗೆ ಆ ಚಿಕ್ಕ ಜೀವವನ್ನು ಇಟ್ಟುಕೊಂಡು ಅವರೆಕಾಯಿ ಸುಲಿಯುವುದನ್ನೂ ಆಕೆ ಕಲಿತಳು.

ಹಾಲುಣಿಸುವುದು ಇದಕ್ಕಿಂತ ಕಠಿಣವಾದ ಕೆಲಸ. ಕೂಸು ಎಷ್ಟು ಚೀಪುವುದೋ ಅಷ್ಟು ಹಾಲು ಊರುತ್ತದೆ. ಆದುದರಿಂದ ಇಬ್ಬರಿಗೂ ಹಾಲೂಡುವ ಶಕ್ತಿ ಸಾಮಾನ್ಯವಾಗಿ ತಾಯಿಗೆ ಇದ್ದೇ ಇರುತ್ತದೆ. ಅವಳಿಗೆ ಹೊತ್ತಿಗೆ ಸರಿಯಾಗಿ ಊಟ ದೊರೆಯಬೇಕು, ನಿದ್ದೆ ದೊರೆಯಬೇಕು, ಅಷ್ಟೆ. ಆ ಎರಡೂ ಬಾಣಂತಿಗೆ ಸುಲಭವಾಗಿ ದೊರೆಯುವುದಿಲ್ಲ ಎಂಬುದು ಬೇರೆಯ ಮಾತು. ದೊಡ್ಡವಳು ಹಸಿವಾದರೆ ಓಣಿಯ ಕೊನೆಗೆ ಕೇಳುವಂತೆ ಅಳುತ್ತಾಳೆ. ಚಿಕ್ಕವಳು ಅಳುವುದಿಲ್ಲ. ಬಂದವರು, “ಇದು ಬಹಳ ಸಾಧು, ತಾಯಿಗೆ ತೊಂದರೆ ಕೊಡುವುದಿಲ್ಲ” ಎಂದು ಹೊಗಳುತ್ತಾರೆ. ಆದರೆ ಅದು ಸಾಧುತನವಲ್ಲ. ಅಳುವುದಕ್ಕೆ ಬೇಕಾದ ತ್ರಾಣವಿಲ್ಲದ ಕೂಸು ಹಸಿವಿನಲ್ಲೂ ನಿದ್ದೆಹೋಗುತ್ತದೆ. ಅಳುವ ಮಗುವಿಗೆ ಹಾಲು ಎಂಬ ನಮ್ಮ ಗಾದೆಯನ್ನು ನಂಬಿ ನಡೆದ ಮನೆಯಲ್ಲಿ ಅಳದ ಮಗು ದಿನೇ ದಿನೇ ಕರಗಿಹೋದೀತು. ಎರಡು ಮೂರು ಗಂಟೆಗೊಮ್ಮೆ ಅಂಗಾಲನ್ನು ಉಜ್ಜಿ ಎಬ್ಬಿಸಿ ಅದಕ್ಕೆ ಹಾಲೂಡಬೇಕು.

ಯಾರು ಕುಡಿದರು, ಯಾರು ಕುಡಿಯಲಿಲ್ಲ ಎಂಬುದು ನಡುರಾತ್ರಿಯಲ್ಲಿ ಮರೆತುಹೋಗುತ್ತದೆ. ತಂದೆ ಇದಕ್ಕೊಂದು ದಾರಿ ಹುಡುಕಿದ್ದಾನೆ. ಗೋಡೆಯ ಮೇಲೆ ಇದ್ದಲಿನಿಂದ ಎರಡು ಸಾಲು ಗೀಟು. ತೊಟ್ಟಿಲವಳಿಗೆ ಮೇಲಿನ ಸಾಲು, ಸೀರೆಯವಳಿಗೆ ಕೆಳಗಿನದು. ಬೆಳಗಾದೊಡನೆ ಅಜ್ಜಿ ಕೆಳಗಿನ ಸಾಲನ್ನು ಮೊದಲು ಎಣಿಸುತ್ತಾಳೆ. ಕನ್ನಡದಲ್ಲಿ ಅವಳಿ, ಅವಳಿಜವಳಿ ಎಂದಾಗ ಎರಡು ಜೀವಗಳು ಒಂದೇ ಮಾತಿನೊಳಗೆ ಅಡಗಿಬಿಡುತ್ತವೆ. “ಮಕ್ಕಳು ಹಾಲು ಕುಡಿದವು” ಎಂದಾಗ ಅದರಲ್ಲಿ ಒಂದು ಕುಡಿಯದೆ ಉಳಿದುದು ಗೊತ್ತಾಗುವುದಿಲ್ಲ. ಇದ್ದಲಿನ ಗೀಟಿಗೆ ಈ ದೋಷವಿಲ್ಲ.

ಎರೆಯುವ ದಿನ ಮನೆಯೆಲ್ಲ ಹರಳೆಣ್ಣೆ ಮತ್ತು ಸಾಂಬ್ರಾಣಿಯ ಗಂಧ. ಅಜ್ಜಿ ಕಾಲು ನೀಡಿ ಕುಳಿತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹೊಯ್ಯುತ್ತಾಳೆ. ಒಂದಕ್ಕೆ ಎರೆದು ಮುಗಿಸಿ ಇನ್ನೊಂದನ್ನು ತೆಗೆದುಕೊಳ್ಳುವಾಗ ಗುರುತು ತಪ್ಪಬಾರದೆಂದು ಮೊದಲು ಹುಟ್ಟಿದವಳ ಕೈಗೆ ಕರಿಯ ದಾರವನ್ನು ಕಟ್ಟಿದ್ದಾಳೆ. ಇವರಲ್ಲಿ ಹಿರಿಯಳು ಯಾರು ಎಂಬ ವಾದವೂ ನೀರೊಲೆಯ ಮುಂದೆಯೇ ನಡೆಯುತ್ತದೆ. ಮೊದಲು ಬಂದವಳೇ ಹಿರಿಯಳೆಂದು ತಾಯಿಯ ಮಾತು; ಒಳಗೆ ಮೊದಲು ನೆಲೆಸಿದವಳು ಕೊನೆಗೆ ಬರುತ್ತಾಳೆಂದು ಪಕ್ಕದ ಮನೆಯವಳ ಮಾತು. ಅವಳಿಗಳು ಹೆಚ್ಚಾಗಿ ಹುಟ್ಟುವ ನೈಜೀರಿಯದ ಯೊರೂಬ ಜನರೂ ಪಕ್ಕದ ಮನೆಯವಳ ಕಡೆಗೇ ಇದ್ದಾರೆ. ಅವರಲ್ಲಿ ಮೊದಲು ಬಂದ ಕೂಸಿಗೆ ತಾಯಿವೊ ಎಂದೂ ಆಮೇಲಿನದಕ್ಕೆ ಕೆಹಿಂದೆ ಎಂದೂ ಹೆಸರು. ಲೋಕ ಹೇಗಿದೆ ನೋಡಿ ಬಾ ಎಂದು ಹಿರಿಯಳಾದ ಕೆಹಿಂದೆಯೇ ತಾಯಿವೊಳನ್ನು ಮುಂದಾಗಿ ಕಳುಹಿಸುತ್ತಾಳೆಂದು ಅವರ ನಂಬಿಕೆ.

ಆಷಾಢ ಕಳೆಯುವ ಹೊತ್ತಿಗೆ ಹೊಲದಲ್ಲಿ ಹೊಗೆಸೊಪ್ಪು ಕೊಯ್ಲಿಗೆ ಬರುತ್ತದೆ. ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ನಿನಲ್ಲಿ ತೂಗುಹಾಕಿ, ಕೆಳಗಿನಿಂದ ಬೆಂಕಿಯ ಕಾವು ಕೊಟ್ಟು ಹದಮಾಡಬೇಕು. ಒಂದು ಸಲದ ಹದಕ್ಕೆ ಐದಾರು ದಿನವಾದರೂ ಬೇಕು. ಹಗಲೂ ರಾತ್ರಿಯೂ ಕಾವನ್ನು ನೋಡುತ್ತಿರಬೇಕು. ಕಾವು ತಪ್ಪಿದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಹೀಗೆ ಬ್ಯಾರನ್ನಿನ ಬಳಿ ತಂದೆ, ತೊಟ್ಟಿಲುಗಳ ಬಳಿ ತಾಯಿ, ಇಬ್ಬರೂ ಎಚ್ಚರವಿರುವ ರಾತ್ರಿಗಳು. ಹಸಿಸೊಪ್ಪಿನ ಅಂಟಿನಲ್ಲಿ ನಿಕೊಟಿನ್ ಇರುತ್ತದೆ; ಒದ್ದೆ ಸೊಪ್ಪನ್ನು ಮುಟ್ಟಿದ ದೊಡ್ಡವರಿಗೇ ಎಷ್ಟೋ ಸಲ ತಲೆಸುತ್ತಿ ವಾಂತಿಯಾಗುವುದುಂಟು. ಆದುದರಿಂದ ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡು, ಅಂಗಿಯನ್ನು ಬದಲಿಸದೆ ಕೂಸುಗಳನ್ನು ಮುಟ್ಟಕೂಡದೆಂದು ತಾಯಿ ಕಟ್ಟಪ್ಪಣೆ ಮಾಡಿದ್ದಾಳೆ.

ಸುಗ್ಗಿಯಲ್ಲಿ ಕೈ ಸಾಲದಾಗ ಎಲ್ಲರ ಕಣ್ಣು ಹಿರಿಯ ಮಗಳ ಮೇಲೆ ಬೀಳುತ್ತದೆ. ನಾಲ್ಕು ದಿನ ಶಾಲೆ ಬಿಟ್ಟು ತೊಟ್ಟಿಲು ತೂಗಲಿ ಎಂದು ಅಜ್ಜಿಯೇ ಹೇಳಿದಳು. ಆ ನಾಲ್ಕು ದಿನ ಎಷ್ಟೋ ಮನೆಗಳಲ್ಲಿ ನಾಲ್ಕು ತಿಂಗಳಾಗಿ, ಆಮೇಲೆ ಶಾಲೆಯ ದಾರಿಯೇ ಮುಚ್ಚಿಹೋದುದುಂಟು. ಇಬ್ಬರನ್ನು ಸಾಕಲು ಮೂರನೆಯವಳನ್ನು ಕೆಡಿಸಲಾರೆನೆಂದು ತಾಯಿ ಒಪ್ಪಲಿಲ್ಲ. ತಂದೆ ಏನೂ ಹೇಳದೆ ಕಡ್ಡಿ ಕಟ್ಟಲು ಇನ್ನೊಂದು ಆಳನ್ನು ಗೊತ್ತುಮಾಡಿದ.

ಒಂದು ಎರೆಯುವ ದಿನ ಕರಿಯ ದಾರ ನೆನೆದು ಹರಿದು ಬಚ್ಚಲಿನಲ್ಲಿ ಹರಿದುಹೋಯಿತು. ಅಷ್ಟು ಹೊತ್ತಿಗೆ ಚಿಕ್ಕವಳೂ ಮೈತುಂಬಿಕೊಂಡಿದ್ದಳು. ಬಿಳಿಯ ಬಟ್ಟೆಯಲ್ಲಿ ಸುತ್ತಿಟ್ಟ ಇಬ್ಬರನ್ನೂ ನೋಡಿ ಅಜ್ಜಿಗೆ ದಿಗಿಲಾಯಿತು. ಆಗ ಶಾಲೆಯಿಂದ ಬಂದ ಅಕ್ಕ ಚೀಲವನ್ನೂ ಇಳಿಸದೆ, “ಇವಳು ದೊಡ್ಡವಳು, ನಕ್ಕು ನೋಡುತ್ತಾಳೆ, ಅವಳು ಚಿಕ್ಕವಳು, ನೋಡಿ ನಗುತ್ತಾಳೆ” ಎಂದು ಹೇಳಿ ಆಡಲು ಹೊರಟುಹೋದಳು. ಅಜ್ಜಿ ಹೊಸ ದಾರವನ್ನು ಹೊಸೆದಳು, ಕಟ್ಟಲಿಲ್ಲ.

ಆ ರಾತ್ರಿ ಬ್ಯಾರನ್ನಿಗೆ ಸೌದೆ ಹಾಕಿ ಬಂದ ತಂದೆ ಹಿತ್ತಲಿನಲ್ಲಿ ಕೈತೊಳೆಯುತ್ತಿದ್ದಾಗ ಒಳಗಿನ ಕತ್ತಲೆಯಲ್ಲಿ ಒಂದು ಕೂಸು ಅತ್ತಿತು, ಗಟ್ಟಿಯಾಗಿ. ಅವನು ನೀರು ಸುರಿಯುವುದನ್ನು ನಿಲ್ಲಿಸಿ ಕಿವಿಗೊಟ್ಟ.

“ಇದು ಚಿಕ್ಕವಳ ದನಿ,” ಎಂದ.

“ಹೌದು, ಒಂದು ವಾರದಿಂದ ತಾನಾಗಿಯೇ ಏಳುತ್ತಿದ್ದಾಳೆ. ಅಂಗಿ ಬದಲಿಸಿ ಬನ್ನಿ, ಎತ್ತಿಕೊಳ್ಳಿ,” ಎಂದಳು ತಾಯಿ.