ಹೆಬ್ಬಾವು ಸಾಕೋದು: ಬ್ರಿಸ್ಬೇನ್‌ನ ಪೆಟ್ಟಿಗೆ, ನಮ್ಮೂರ ಕೋಳಿಗೂಡು

ಇತ್ತೀಚೆಗೆ ನಮ್ಮ ಕಡೆ ಹುಡುಗರ ಮೊಬೈಲಿನಲ್ಲಿ ಒಂದು ಹೊಸ ಹುಚ್ಚು ನೋಡ್ತಾ ಇದೀನಿ. ಹೊರದೇಶದವರು ಹೆಬ್ಬಾವನ್ನ ಕೊರಳಿಗೆ ಹಾಕ್ಕೊಂಡು ಕೂತಿರೋದು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಸಾಕೋದು, ಅಂಥ ವಿಡಿಯೋಗಳು. ಅದರಲ್ಲಿ ಜಾಸ್ತಿ ಕಾಣೋದು ಕಾರ್ಪೆಟ್ ಪೈಥಾನ್ ಅನ್ನೋ ಜಾತಿ. ಆಸ್ಟ್ರೇಲಿಯ, ನ್ಯೂಗಿನಿ ಕಡೇದು. ಮೈಮೇಲೆ ಜಮಖಾನ ನೇಯ್ದ ಹಾಗೆ ಚಿತ್ತಾರ ಇರೋದ್ರಿಂದ ಆ ಹೆಸರು ಬಂದಿದ್ದು. ನೋಡೋಕೆ ಚೆಂದ ಇದೆ, ಸುಳ್ಳು ಹೇಳಲ್ಲ. "ನಮ್ಮ ತೋಟದಲ್ಲೂ ಹೆಬ್ಬಾವಿದೆಯಲ್ಲ, ಒಂದು ಮರಿ ತಂದು ಸಾಕಿದ್ರೆ ಇಲಿಗೂ ಆಯ್ತು, ಚೆಂದಕ್ಕೂ ಆಯ್ತು" ಅಂತ ಕೇಳಿದವರು ಈ ಮಳೆಗಾಲದಲ್ಲಿ ಇಬ್ಬರು. ಒಬ್ಬ ಕೇಳೋಕೆ ಮುಂಚೆ ತಂದೇ ಬಿಟ್ಟಿದ್ದ. ಅದನ್ನ ಆಮೇಲೆ ಹೇಳ್ತೀನಿ.

ನಮ್ಮ ಅಕ್ಕನ ಮಗ ಬ್ರಿಸ್ಬೇನ್‌ನಲ್ಲಿದ್ದಾನೆ. ಅವನು ಬಾಡಿಗೆಗಿರೋ ಮನೆ ಚಾವಣಿ ಒಳಗೆ ಮೊದಲ ವರ್ಷವೇ ರಾತ್ರಿ ಏನೋ ಎಳೆದಾಡಿದ ಸದ್ದು. ಮನೆ ಓನರ್‌ಗೆ ಫೋನ್ ಮಾಡಿದ್ರೆ ಆ ಯಜಮಾನ ನಕ್ಕು, ಕಾರ್ಪೆಟ್ ಪೈಥಾನ್ ಇರಬೇಕು, ಇಲಿ ತಿಂತದೆ, ಇದ್ರೆ ಇರಲಿ ಬಿಡು ಅಂದನಂತೆ. ಆ ಊರಲ್ಲಿ ಅದು ಮಾಮೂಲಿ. ವಿಷ ಇಲ್ಲ. ಏಳೆಂಟು ಅಡಿ ಬೆಳೀತದೆ, ಇನ್ನೂ ಉದ್ದದ್ದೂ ಇರ್ತದೆ. ಮರ ಹತ್ತೋ ಜಾತಿ ಆದ್ದರಿಂದ ಚಾವಣಿ ಒಳಗೆ ಸುಲಭವಾಗಿ ಸೇರ್ಕೊಳ್ತದೆ. ಅಲ್ಲಿನ ರೈತರು ಕಾಳಿನ ಶೆಡ್ಡಿನಲ್ಲಿ ಅದು ಕಂಡ್ರೆ ಓಡಿಸದೆ ಬಿಡ್ತಿದ್ದದ್ದು ಹಳೇ ಕಾಲದಿಂದ ಇದೆ. ಹಾಗಂತ ಅದೇನು ಸಾಧು ಪ್ರಾಣಿ ಅಲ್ಲ. ಅಲ್ಲೂ ಕೋಳಿ ನುಂಗ್ತದೆ, ಒಮ್ಮೊಮ್ಮೆ ಬೆಕ್ಕನ್ನೂ ನುಂಗ್ತದೆ. ಕೊಲ್ಲೋ ಹಾಗಿಲ್ಲ, ಕಾನೂನಿದೆ. ಬೇಡ ಅನ್ನಿಸಿದ್ರೆ ದುಡ್ಡು ಕೊಟ್ಟು ಹಾವು ಹಿಡಿಯೋರನ್ನ ಕರೆಸಬೇಕು.

ಅವನ ಪಕ್ಕದ ಮನೆಯವರು ಮಾತ್ರ ಲೈಸೆನ್ಸ್ ಮಾಡಿಸಿ ಒಂದನ್ನ ಸಾಕಿದಾರೆ. ಆ ರಾಜ್ಯದಲ್ಲಿ ಲೈಸೆನ್ಸ್ ಇಲ್ಲದೆ ಸಾಕೋ ಹಾಗಿಲ್ಲ. ಕಾಡಿಂದ ಹಿಡಿದು ತಂದದ್ದೂ ಆಗೋದಿಲ್ಲ, ಸಾಕಿದವರ ಹತ್ತಿರ ಹುಟ್ಟಿದ ಮರಿಯನ್ನೇ ತಗೋಬೇಕು. ಒಂದು ಭಾನುವಾರ ವಿಡಿಯೋ ಕಾಲ್ ಮಾಡಿ, "ಮಾವ, ನಿಮಗೆ ಪೂರ್ತಿ ತೋರಿಸ್ತೀನಿ ನೋಡಿ" ಅಂತ ಅವರ ಮನೆ ಒಳಗೇ ಕರ್ಕೊಂಡು ಹೋದ. ನಾನು ಒಂದೊಂದೇ ಕೇಳ್ತಾ ಹೋದೆ, ಅವನು ಅವರನ್ನ ಕೇಳಿ ಹೇಳ್ತಾ ಹೋದ. ಎಮ್ಮೆ, ದನ ಕಟ್ಟಿ ಬೆಳೆದ ನಮಗೂ ಇಷ್ಟು ಉಪಚಾರ ಇರ್ತದೆ ಅಂತ ಅನ್ನಿಸಿರಲಿಲ್ಲ.

ಪೆಟ್ಟಿಗೆ ನಾಲ್ಕಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರ. ಮರ ಹತ್ತೋ ಹಾವು ಆದ್ದರಿಂದ ಎತ್ತರ ಬೇಕೇ ಬೇಕು, ಒಳಗೆ ಭಾರ ತಡೆಯೋ ದಪ್ಪ ಕೊಂಬೆಗಳು. ಒಂದು ಕಡೆ ಮೇಲೆ ಬಿಸಿ ಬಲ್ಬು. ಅದರ ಕೆಳಗಿನ ಜಾಗ 32 ಡಿಗ್ರಿ ಇರಬೇಕು, ಪೆಟ್ಟಿಗೆಯ ಇನ್ನೊಂದು ತುದಿ 25ರ ಹತ್ತಿರ. ಯಾಕೆ ಎರಡು ತರ ಅಂದ್ರೆ ಹಾವಿನ ಮೈಗೆ ಸ್ವಂತ ಬಿಸಿ ಇಲ್ಲ. ತಿಂದದ್ದು ಅರಗಬೇಕಾದ್ರೆ ಬಿಸಿ ಕಡೆ ಬರ್ತದೆ, ಸಾಕು ಅನ್ನಿಸಿದ್ರೆ ತಂಪು ಕಡೆ ಹೋಗ್ತದೆ. ಬಿಸಿ ಹೆಚ್ಚುಕಮ್ಮಿ ಆಗದ ಹಾಗೆ ಥರ್ಮೋಸ್ಟಾಟ್. ಬಲ್ಬಿನ ಸುತ್ತ ಜಾಲರಿ ಕಟ್ಟಿರ್ತಾರೆ, ಇಲ್ಲಾಂದ್ರೆ ಹಾವು ಬಲ್ಬಿಗೇ ಸುತ್ತಿಕೊಂಡು ಮೈ ಸುಟ್ಟುಕೊಳ್ತದೆ. ಅಡಗೋಕೆ ಎರಡು ಕಡೆ ಎರಡು ಗೂಡು. ಒಂದೇ ಇದ್ರೆ ಭಯಕ್ಕೆ ಅಲ್ಲೇ ಕೂತು ಬಿಸಿಗೂ ಬರೋದಿಲ್ಲ, ತಂಪಿಗೂ ಹೋಗೋದಿಲ್ಲ. ಅದು ಪೂರ್ತಿ ಮುಳುಗಿ ಕೂರೋವಷ್ಟು ನೀರಿನ ತೊಟ್ಟಿ. ಬಾಗಿಲಿಗೆ ಬೀಗ, ಯಾಕಂದ್ರೆ ತಲೆ ತೂರಿದಲ್ಲಿ ಮೈ ತೂರ್ತದೆ.

ಊಟಕ್ಕೆ ಅಂಗಡಿಯಿಂದ ತಂದ ಫ್ರಿಜ್ಜಿನ ಇಲಿ! ಬಿಸಿನೀರಲ್ಲಿ ಅದ್ದಿ ಮಂಜು ಬಿಡಿಸಿ, ಇಕ್ಕಳದಲ್ಲಿ ಹಿಡಿದು ಕೊಡ್ತಾರೆ. ಜೀವಂತ ಇಲಿ ಬಿಡೋದಿಲ್ಲ, ಹಸಿವಿಲ್ಲದ ಹಾವನ್ನ ಇಲಿಯೇ ಕಚ್ಚಿ ಗಾಯ ಮಾಡಿಬಿಡ್ತದೆ. ದೊಡ್ಡ ಹಾವಿಗೆ ಎರಡು ಮೂರು ವಾರಕ್ಕೆ ಒಂದು ಇಲಿ ಸಾಕು. ಇಲ್ಲಿ ನಾನು ಸ್ವಲ್ಪ ನಿಲ್ಲಿಸಿದೆ. ಎರಡು ವಾರಕ್ಕೆ ಒಂದು! ಇಲಿ ಕಾಟ ಕಡಿಮೆ ಮಾಡೋಕೆ ಅಂತ ಪೆಟ್ಟಿಗೆಯಲ್ಲಿ ಹಾವು ಸಾಕೋರ ಲೆಕ್ಕ ಅಲ್ಲೇ ಮುಗೀತು. ಪೆಟ್ಟಿಗೆ ಒಳಗಿನ ಹಾವು ಗದ್ದೆಯ ಇಲಿ ಹಿಡಿಯೋದಿಲ್ಲ, ನಾವೇ ಅದಕ್ಕೆ ಇಲಿ ಒದಗಿಸಬೇಕು. ನಮ್ಮ ಮನೆಯವಳಿಗೆ ಹಾಲಿನ ಪಕ್ಕ ಇಲಿ ಇಡೋ ವಿಷಯ ಹೇಳಿದೆ. ಅವಳು ಏನಂದ್ಲು ಅನ್ನೋದು ಇಲ್ಲಿ ಬರೆಯೋ ಮಾತಲ್ಲ.

ತಿಂದ ಮೇಲೆ ಎರಡು ದಿನ ಮುಟ್ಟಬಾರದು, ಮುಟ್ಟಿದ್ರೆ ಕಕ್ಕಿಬಿಡ್ತದೆ. ಪೊರೆ ಬಿಡೋ ಮುಂಚೆ ಕಣ್ಣು ಹಾಲಿನ ಬಣ್ಣಕ್ಕೆ ತಿರುಗ್ತದೆ, ಆಗಲೂ ಮುಟ್ಟಬಾರದು. ಇಷ್ಟೆಲ್ಲ ಇಪ್ಪತ್ತು ವರ್ಷಕ್ಕಿಂತ ಹೆಚ್ಚು. ಅಷ್ಟು ಆಯಸ್ಸಿದೆ ಅದಕ್ಕೆ.

ಈಗ ನಮ್ಮ ಮಲೆನಾಡಿನ ಮಳೆಗಾಲ ನೆನೆಸ್ಕೊಳ್ಳಿ. ಮರ ಬಿದ್ದು ಲೈನ್ ಹೋದ್ರೆ ಮೂರು ದಿನ ಕರೆಂಟಿಲ್ಲ. ಗೋಡೆಯೆಲ್ಲ ಥಂಡಿ. ಪೆಟ್ಟಿಗೆಯೊಳಗಿನ ಹೆಬ್ಬಾವಿಗೆ ಚಳಿ, ತೇವ ಎರಡೂ ಸೇರಿದ್ರೆ ಶ್ವಾಸಕೋಶಕ್ಕೆ ಸೋಂಕು ಆಗ್ತದಂತೆ. ಬಾಯಿ ಕಳೆದು ಉಸಿರಾಡ್ತದೆ, ಮೂಗಲ್ಲಿ ಗುಳ್ಳೆ ಬರ್ತದೆ. ದನಕ್ಕೆ ಡಾಕ್ಟರ್ ಬರೋಕೇ ನಾವು ಎರಡು ದಿನ ಕಾಯ್ತೀವಿ, ಹಾವಿಗೆ ಯಾರು ಬರ್ತಾರೆ? ಹೊರಗಿರೋ ಹೆಬ್ಬಾವಿಗೆ ಈ ತೊಂದರೆ ಇಲ್ಲ. ಧರೆಯ ಬಿಲ, ಹುತ್ತ, ದರಗಿನ ರಾಶಿ, ಬಿಸಿಲು ಬಿದ್ದ ಬಂಡೆ, ಎಲ್ಲ ಅದಕ್ಕೆ ಗೊತ್ತು. 32 ಮತ್ತು 25ರ ಜಾಗ ಅದೇ ಹುಡುಕ್ಕೊಳ್ತದೆ.

ಕಾನೂನಿನ ಮಾತು ಸ್ಪಷ್ಟ ಮಾಡಿಬಿಡ್ತೀನಿ. ನಮ್ಮ ಹೆಬ್ಬಾವು 1972ರ ವನ್ಯಜೀವಿ ಕಾಯಿದೆಯ ಒಂದನೇ ಶೆಡ್ಯೂಲಿನಲ್ಲಿದೆ, ಹುಲಿ, ಆನೆ ಇರೋ ಪಟ್ಟಿ. ಹಿಡಿದು ಇಟ್ಕೊಂಡ್ರೆ 3 ರಿಂದ 7 ವರ್ಷ ಜೈಲು, ಜೊತೆಗೆ ದಂಡ. ಸಾಕ್ತೀನಿ ಅಂದ್ರೂ, ಪ್ರೀತಿಯಿಂದ ಅಂದ್ರೂ ಅಷ್ಟೇ. ಕಾರ್ಪೆಟ್ ಪೈಥಾನ್ ಹೊರದೇಶದ್ದು ಅಲ್ವಾ ಅಂತ ಬೆಂಗಳೂರಿನಿಂದ ಯಾರಾದ್ರೂ ತಂದುಕೊಡ್ತೀನಿ ಅಂದ್ರೆ, 2022ರ ತಿದ್ದುಪಡಿ ಆದ ಮೇಲೆ ಅದನ್ನೂ ಪರಿವೇಶ್ ಪೋರ್ಟಲ್ಲಿನಲ್ಲಿ ನೋಂದಣಿ ಮಾಡಿಸಬೇಕು. ಕಾಗದ ಇಲ್ಲದೆ ಕೊಡೋರ ಹತ್ತಿರ ಹೋಗಬೇಡಿ.

ಈಗ ಆ ಹುಡುಗನ ವಿಷಯ. ನಮ್ಮ ಬೇಲಿ ಆಚೆ ಮನೆಯವನು, ಡಿಗ್ರಿ ಮುಗಿಸಿ ಮನೇಲಿದ್ದಾನೆ. ಜೂನ್ ಕೊನೆಗೆ ತೋಟದ ಅಗಳದಲ್ಲಿ ಎರಡಡಿ ಮರಿ ಸಿಕ್ಕಿತು ಅಂತ ಪೇಂಟ್ ಡಬ್ಬದಲ್ಲಿ ಹಾಕ್ಕೊಂಡು ಬಂದ. ಕೈಯಲ್ಲೇ ಹಿಡಿದಿದ್ದ. "ಚಿಕ್ಕಪ್ಪ, ಹೆಬ್ಬಾವು ಅಂತ ಹೇಗೆ ಗೊತ್ತಾಯ್ತು ಅಂತೀರಾ, ವಿಡಿಯೋದಲ್ಲಿ ನೋಡಿದೀನಿ" ಅಂದ. ಅದು ನಿಜಕ್ಕೂ ಹೆಬ್ಬಾವಿನ ಮರಿಯೇ ಆಗಿತ್ತು, ಅವನ ತಾಯಿಯ ಪುಣ್ಯ. ಯಾಕಂದ್ರೆ ಕೊಳಕುಮಂಡಲದ ಮರಿಗಳು ಹೊರಗೆ ಬರೋದೂ ಇದೇ ಜೂನ್ ಜುಲೈನಲ್ಲಿ. ಅದೂ ದಪ್ಪ ಮೈ, ಕಂದು ಬಣ್ಣ, ಮಚ್ಚೆ. ಕೊಳಕುಮಂಡಲದ ಮಚ್ಚೆ ಸರಪಳಿಯ ಕೊಂಡಿಗಳ ಹಾಗೆ ಒಂದೇ ಸಮ ಸಾಲಾಗಿರ್ತದೆ, ಹೆಬ್ಬಾವಿನದ್ದು ಅಂಕುಡೊಂಕು ತೇಪೆ ಹಾಕಿದ ಹಾಗೆ. ಆದ್ರೆ ಇದನ್ನ ಓದಿಕೊಂಡು ಯಾರೂ ಪರೀಕ್ಷೆ ಮಾಡೋಕೆ ಹೋಗಬೇಡಿ. ಸಂಜೆ ಮಬ್ಬಿನಲ್ಲಿ, ದರಗಿನ ನಡುವೆ, ಮಳೇಲಿ ನೆನೆದ ಹಾವಿನ ಮೇಲೆ ಏನೂ ಗೊತ್ತಾಗಲ್ಲ. ಹೆಬ್ಬಾವು ಅಂದ್ಕೊಂಡು ಕೊಳಕುಮಂಡಲ ಮುಟ್ಟಿ ಜೀವ ಕಳ್ಕೊಂಡವರಿದ್ದಾರೆ. ಹುಟ್ಟಿದ ಮರಿಗೂ ವಿಷ ಇರ್ತದೆ.

ನಾಲ್ಕು ದಿನದಿಂದ ಡಬ್ಬದಲ್ಲಿತ್ತು, ಹಾಕಿದ ಇಲಿಮರಿ ತಿಂದಿರಲಿಲ್ಲ. ಇಬ್ಬರೂ ಕೂತು ಅರಣ್ಯ ಇಲಾಖೆಗೆ ಫೋನ್ ಮಾಡಿದ್ವಿ. ಬಂದವರು ಹುಡುಗನಿಗೆ ಬಾಯಿತುಂಬ ಬುದ್ಧಿ ಹೇಳಿ, ಕೇಸು ಗೀಸು ಅಂತ ಮಾಡದೆ, ಸಿಕ್ಕಿದ ಅಗಳದ ಹತ್ತಿರವೇ ಸಂಜೆ ಬಿಟ್ಟು ಹೋದ್ರು. ಎಲ್ಲರೂ ಹಾಗೆ ಬಿಡ್ತಾರೆ ಅಂತ ಲೆಕ್ಕ ಹಾಕಬೇಡಿ.

ಆದ್ರೆ ಅವತ್ತು ನನಗೆ ಉತ್ತರ ಕೊಡೋಕೆ ಕಷ್ಟ ಆಗಿದ್ದು ಹುಡುಗನಿಗಲ್ಲ, ಅವನ ತಾಯಿಗೆ. "ಬಿಟ್ಟು ಬಂದ್ರಲ್ಲ ಅಣ್ಣಯ್ಯ, ನಾಳೆ ದೊಡ್ಡದಾಗಿ ನನ್ನ ಕೋಳಿ ತಿನ್ನೋದು ಅದೇ ಅಲ್ವಾ" ಅಂದ್ರು. ಹೋದ ವರ್ಷ ಒಂದೇ ಮಳೆಗಾಲದಲ್ಲಿ ಅವರ ಹನ್ನೊಂದು ನಾಟಿ ಕೋಳಿ ಹೋಗಿವೆ. ಮೊಟ್ಟೆ ಮಾರಿದ ದುಡ್ಡು ಅವರ ಸ್ವಂತ ಕೈಖರ್ಚು, ಯಾರನ್ನೂ ಕೇಳದೆ ಖರ್ಚು ಮಾಡೋದು ಅದೊಂದೇ. ಹೆಬ್ಬಾವು ರೈತನ ಮಿತ್ರ ಅಂತ ಬೋರ್ಡು ಬರೆಯೋರು ಕೋಳಿ ಕಳ್ಕೊಂಡ ಹೆಂಗಸಿನ ಎದುರು ಆ ಮಾತು ಹೇಳಿ ನೋಡಲಿ. ಆಕೆ ಸಿಟ್ಟಿಗೆ ಅರ್ಥ ಇದೆ. ಆ ಸಿಟ್ಟಿಗೇ ನಮ್ಮೂರಲ್ಲಿ ಎಷ್ಟೋ ಹೆಬ್ಬಾವು ದೊಣ್ಣೆ ಪೆಟ್ಟಿಗೆ ಸತ್ತಿವೆ. ಇನ್ನು ಕೆಲವು ಅದರ ನೆಣ ಮಂಡಿನೋವಿಗೆ ಒಳ್ಳೇದು ಅನ್ನೋ ಹುಚ್ಚಿಗೆ.

ಹಂಗಾಗಿ ಗೂಡು ಕಟ್ಟೋದು ಹಾವಿಗಲ್ಲ, ಕೋಳಿಗೆ ಅಂತ ತೀರ್ಮಾನ ಮಾಡಿ ಜುಲೈನಲ್ಲೇ ಅವರ ಮನೆ ಹಿಂದೆ ಕೆಲಸ ಶುರು ಮಾಡಿದ್ವಿ. ಹುಡುಗನೇ ಕಟ್ಟಿದ್ದು, ನಾನು ಹೇಳ್ತಾ ಹೋದೆ ಅಷ್ಟೇ. ಐದಡಿ ಉದ್ದ, ಮೂರಡಿ ಅಗಲ, ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ಅಡಿಕೆ ಮರದ ಕಂಬ. ಬರೀ ಎತ್ತರ ಸಾಲದು, ಹೆಬ್ಬಾವು ಕಂಬ ಹತ್ತುತ್ತದೆ. ಮುಖ್ಯ ಜಾಲರಿ. ಅಂಗಡಿಯಲ್ಲಿ ಕೋಳಿ ಬಲೆ ಅಂತ ಕೊಡೋ ಆರು ಮೂಲೆ ಕಣ್ಣಿನದ್ದು ಬೇಡ, ಅದರಲ್ಲಿ ಮರಿ ಹಾವು ಆರಾಮಾಗಿ ತೂರ್ತದೆ. ಅರ್ಧ ಇಂಚಿನ ವೆಲ್ಡ್ ಮೆಷ್ ತಗೊಳ್ಳಿ. ತಳಕ್ಕೂ ಅದೇ, ಹಿಕ್ಕೆ ಕೆಳಗೆ ಬೀಳ್ತದೆ, ಗೊಬ್ಬರಕ್ಕೆ ಸುಲಭ. ಬಾಗಿಲಿನ ಸಂದಿಗೆ ಹಳೇ ಟ್ಯೂಬಿನ ರಬ್ಬರ್ ಪಟ್ಟಿ, ಮೇಲೆ ಕೆಳಗೆ ಎರಡು ಚಿಲಕ. ಒಂದೇ ಚಿಲಕ ಹಾಕಿದ್ರೆ ಬಾಗಿಲಿನ ಇನ್ನೊಂದು ಮೂಲೆ ಬಾಗಿ ಸಂದಿ ಬಿಡ್ತದೆ, ಹಾವು ಒತ್ತಿ ನುಗ್ಗೋದು ಅಲ್ಲೇ. ಎಲ್ಲ ಸೇರಿ 4,200 ರೂಪಾಯಿ ಆಯ್ತು, ಕೂಲಿ ಬಿಟ್ಟು.

ಒಂದು ವೇಳೆ ಹಾವು ಗೂಡಿನೊಳಗೆ ಸಿಕ್ಕಿದ್ರೆ, ಕೋಳಿ ನುಂಗಿದ ಹೊಟ್ಟೆಗೆ ಬಂದ ಸಂದಿಯಲ್ಲಿ ವಾಪಸ್ ಹೋಗೋಕೆ ಆಗಿರೋದಿಲ್ಲ, ಬೆಳಿಗ್ಗೆ ಅಲ್ಲೇ ಬಿದ್ದಿರ್ತದೆ. ಕೋಲಲ್ಲಿ ತಿವೀಬೇಡಿ. ನುಂಗಿದ್ದನ್ನ ಕಕ್ಕಿ, ಮೈ ಹಗುರ ಮಾಡ್ಕೊಂಡು ಕಚ್ಚೋಕೆ ಬರ್ತದೆ. ವಿಷ ಇಲ್ಲದಿದ್ರೂ ಹಲ್ಲು ಹಿಂದಕ್ಕೆ ಬಾಗಿರೋದ್ರಿಂದ ಚರ್ಮ ಹರೀತದೆ. ಬಾಗಿಲು ಹಾಕಿ ಫೋನ್ ಮಾಡಿ.

ಇನ್ನೆರಡು ವಿಷಯ. ತರಕಾರಿ ಮಡಿ ಸುತ್ತ ಹಳೇ ಮೀನು ಬಲೆ, ನೈಲಾನ್ ಬಲೆ ನೆಲಕ್ಕೆ ತಾಗೋ ಹಾಗೆ ಕಟ್ಟಬೇಡಿ. ಕೇರೆ, ಹೆಬ್ಬಾವು ಸಿಕ್ಕಿಕೊಂಡು ಮೈ ಕೊಯ್ದು ಸಾಯ್ತವೆ. ನನ್ನ ಕೋಕೋ ಕಾಯಿ, ಡ್ರಿಪ್ ಪೈಪು ಎರಡನ್ನೂ ಇಲಿ ಕಡಿಯೋದು ನಿಜ, ಹಾಗಂತ ಬ್ರೊಮಾಡಿಯೋಲೋನ್ ಬಿಲ್ಲೆ ಕಂಡಕಂಡಲ್ಲಿ ಎಸೆದ್ರೆ ಆ ಇಲಿ ತಿಂದ ಗೂಬೆ, ಹಾವುಗಳಿಗೂ ಅದೇ ವಿಷ ಏರ್ತದೆ. ಮತ್ತೆ ಮಾರ್ಚಿನಿಂದ ಮೇವರೆಗೆ ಧರೆ ಕಡಿಸೋಕೆ ಜೆಸಿಬಿ ಕರೆಸೋರು ಮೊದಲು ದೊಡ್ಡ ಬಿಲಗಳನ್ನ ದೂರದಿಂದ ನೋಡಿ. ಹೆಣ್ಣು ಹೆಬ್ಬಾವು ಮೊಟ್ಟೆ ಸುತ್ತ ಸುರುಳಿ ಸುತ್ತಿ, ಮೈ ನಡುಗಿಸಿ ಬಿಸಿ ಕೊಡ್ತಾ ಹೆಚ್ಚುಕಡಿಮೆ ಎರಡು ತಿಂಗಳು ಕೂತಿರ್ತದೆ. ಆ ಕಾರ್ಪೆಟ್ ಪೈಥಾನೂ ಹಾಗೇ ಮಾಡ್ತದಂತೆ. ಕಂಡ್ರೆ ಅಷ್ಟು ಜಾಗ ಬಿಟ್ಟು ಬೇರೆ ಕಡೆ ಕೆಲಸ ಮಾಡಿಸಿ, ಇಲಾಖೆಗೆ ತಿಳಿಸಿ.

ಪಕ್ಕದ ಮನೆಯ ಗೂಡಲ್ಲಿ ಈಗ ಹದಿನಾಲ್ಕು ಕೋಳಿ ಇವೆ, ರಾತ್ರಿ ಒಂದೂ ಹೋಗಿಲ್ಲ. ಹಗಲು ಮೇಯೋಕೆ ಬಿಟ್ಟಾಗ ಒಂದನ್ನ ಗಿಡುಗ ಒಯ್ದಿದೆ, ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ. ಗೂಡಿನ ಅಳತೆ ಬೇಕಾದವರು ಬಂದು ನೋಡಬಹುದು. ಭಾನುವಾರ ಸಂತೆಗೆ ಹೋಗಿರ್ತೀನಿ, ಉಳಿದ ದಿನ ಸಂಜೆ ನಾಲ್ಕರ ಮೇಲೆ ಮನೇಲೇ ಇರ್ತೀನಿ. ವೆಲ್ಡ್ ಮೆಷ್ ತುಂಡು ಯಾರ ಹತ್ತಿರವಾದ್ರೂ ಉಳಿದಿದ್ರೆ ತಿಳಿಸಿ, ಕೆಳಗಿನ ಕೇರಿಯಲ್ಲಿ ಇನ್ನೆರಡು ಗೂಡು ಕಟ್ಟೋದಿದೆ.